ಮೂಲಂಗಿಯ ಋಣ

"ಸುಮಿಮಾಸೆನ್, ಕ್ಷಮಿಸಿ, ಗ್ರಂಥಾಲಯ ಯಾವ ಕಡೆ?"

ಗದ್ದೆಯ ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿದ್ದ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಪ್ಪು ಸ್ಟಾಪಿನಲ್ಲಿ ಬಸ್ಸಿಳಿದಿದ್ದೆ. ಸುತ್ತಲೂ ಗದ್ದೆ, ಗದ್ದೆಯಾಚೆ ಇನ್ನೊಂದು ಗದ್ದೆ, ಎಲ್ಲದರ ಕೊನೆಗೆ ಹಿಮ ಹೊದ್ದು ಕೂತ ಬೆಟ್ಟ. ಫೋನಿನ ನಕ್ಷೆ ನೋಡಿದರೆ ನಾನು ಕಾಲುವೆಯ ನಟ್ಟನಡುವೆ ಇದ್ದೆ.

ನನಗೆ ಇಂಥವು ಆಗುತ್ತಲೇ ಇರುತ್ತವೆ. ನೈರೋಬಿಯಲ್ಲಿ ಮದುವೆಗೆಂದು ಹೊರಟು ಯಾರದೋ ತಿಥಿಯೂಟ ಮಾಡಿ ಬಂದವಳು ನಾನು. ಲಿಸ್ಬನ್ನಿನಲ್ಲಿ ಮ್ಯೂಸಿಯಂ ಎಂದುಕೊಂಡು ಒಬ್ಬರ ಮನೆಯೊಳಗೆ ನುಗ್ಗಿ, ಗೋಡೆಯ ಮೇಲಿದ್ದ ಅವರ ತಾತನ ಫೋಟೊಗಳನ್ನೆಲ್ಲ ಹೊಗಳಿ, ಟಿಕೆಟ್ ಎಲ್ಲಿ ಕೊಳ್ಳಬೇಕು ಎಂದು ಅವರನ್ನೇ ಕೇಳಿದ್ದೆ. ಈ ಸಲ ಬಂದದ್ದು ಜಪಾನಿನ ನೋಮಿಗೆ. ಇಲ್ಲಿನ ಗುಡ್ಡದ ಮೇಲೆ ಒಂದು ಸಂಶೋಧನಾ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ನಾನು ಬಂದ ಹೊಸದರಲ್ಲೇ ಕೊರೊನಾವೂ ಬಂತು. ಪಾಠವೆಲ್ಲ ಕಂಪ್ಯೂಟರಿಗೆ ಹೋಯಿತು, ದೇಶಗಳು ಬಾಗಿಲು ಹಾಕಿಕೊಂಡವು, ನಾನು ಒಂದು ಕೋಣೆಯಲ್ಲಿ ಉಳಿದೆ. ಸ್ನಾನದ ನೀರು ಕಾದಾಗ ಗೋಡೆಯಲ್ಲಿನ ಯಂತ್ರದಿಂದ ಒಬ್ಬಳು ಹೆಂಗಸು "ನೀರು ಸಿದ್ಧವಾಗಿದೆ" ಎನ್ನುತ್ತಿದ್ದಳು. "ಬಂದೆ ಕಣಮ್ಮ" ಎನ್ನುತ್ತಿದ್ದೆ. ಎಷ್ಟೋ ದಿನ ನಾನು ಬಾಯಿಬಿಟ್ಟು ಆಡಿದ ಕನ್ನಡ ಅಷ್ಟೇ.

ಮೈಸೂರಿನಿಂದ ಚಿಕ್ಕಮ್ಮ ಫೋನ್ ಮಾಡಿದರೆ ಮಾತು ಅವರದೇ. "ಬೀದಿನಾಯಿಗೂ ಇದು ನಂದು ಅನ್ನೋಕೆ ಒಂದು ಬೀದಿ ಇರತ್ತೆ ಕಣೇ. ನಿಂಗೆ ಅದೂ ಇಲ್ವಲ್ಲೇ!"

ಅದು ನಿಜ. ಯಾವ ಊರಿನಲ್ಲೂ ಯಾರ ಋಣವನ್ನೂ ಉಳಿಸಿಕೊಳ್ಳುವಷ್ಟು ದಿನ ನಿಂತವಳಲ್ಲ ನಾನು. ಅಂಥವಳ ಮೊದಲ ಋಣ ಶುರುವಾದದ್ದು ಆ ಬದುವಿನ ಮೇಲೆ.

ಓದಿಗಾಗಿ ಓಟ

ಇಲ್ಲಿ ದಾರಿ ಕೇಳಿದರೆ ಹೇಳುವುದಿಲ್ಲ, ಕರೆದುಕೊಂಡೇ ಹೋಗುತ್ತಾರೆ. ಅಜ್ಜಿ "ಹೈ" ಎಂದು ಒಪ್ಪಿ ಗುದ್ದಲಿ ಕೆಳಗಿಟ್ಟು ಹೊರಟರು. ಆದರೆ ಅದು ಕೊರೊನಾ ಕಾಲ, ನಡುವೆ ಅಂತರ ಇರಬೇಕು. ನಾನು ಪಕ್ಕಕ್ಕೆ ಹೋಗಿ ಧನ್ಯವಾದದ ಅರಿಗಾತೋ ಹೇಳೋಣವೆಂದು ಎರಡು ಹೆಜ್ಜೆ ಬಿರುಸಾಗಿ ಹಾಕಿದರೆ ಅಜ್ಜಿ ನಾಲ್ಕು ಹೆಜ್ಜೆ ಬಿರುಸಾಗುತ್ತಿದ್ದರು. ನಾನು ನಿಧಾನವಾದರೆ ಅವರೂ ನಿಧಾನವಾಗಿ, ಬರುತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದರು. ಹಿಂದೆ ಬಿದ್ದರೆ ದಾರಿ ತಪ್ಪುವ ಭಯ ನನಗೆ, ಮುಂದೆ ಬಂದರೆ ಸೋಂಕಿನ ಭಯ ಅವರಿಗೆ. ಕಾಲುವೆಯ ಸೇತುವೆ ದಾಟುವ ಹೊತ್ತಿಗೆ ಇಬ್ಬರೂ ಓಡುತ್ತಿದ್ದೆವು.

ಪುಟ್ಟ ಲಾರಿಯಲ್ಲಿ ಬರುತ್ತಿದ್ದ ರೈತನೊಬ್ಬ ಗಾಬರಿಯಾಗಿ ನಿಲ್ಲಿಸಿದ. "ಅಜ್ಜಿ, ಏನಾಯ್ತು? ಯಾರಿದು?"

ಅಜ್ಜಿ ಓಡುತ್ತಲೇ ಕೂಗಿದರು: "ಏನಿಲ್ಲ! ಗ್ರಂಥಾಲಯಕ್ಕೆ!"

ಆ ವಯಸ್ಸಿನಲ್ಲಿ ಓದಿನ ಮೇಲೆ ಇಷ್ಟು ಆಸೆಯೇ ಎಂದು ಆತ ಟೋಪಿ ತೆಗೆದು ತಲೆಬಾಗಿದ.

ಬಾಗಿಲಲ್ಲಿ ನಾನು ಏದುಸಿರು ಸುಧಾರಿಸಿಕೊಂಡು ತಿರುಗುವಷ್ಟರಲ್ಲಿ ಅಜ್ಜಿ ಹೊರಟುಹೋಗಿದ್ದರು. ಒಂದು ಅರಿಗಾತೋ ಬಾಕಿ ಉಳಿಯಿತು.

ಹಣೆ ನೋಡುವವರು

ಗ್ರಂಥಾಲಯ ಸಣ್ಣದು, ಆದರೆ ಹಲ್ಲು ಬರದವರಿಂದ ಹಲ್ಲು ಬಿದ್ದವರವರೆಗೆ ಎಲ್ಲರಿಗೂ ಅಲ್ಲಿ ಪುಸ್ತಕವಿತ್ತು. ಕಚ್ಚಿದರೂ ಹರಿಯದ ಬಟ್ಟೆಯ ಪುಸ್ತಕ ಒಂದು ಕಡೆ, ದಪ್ಪಕ್ಷರದ ಕಾದಂಬರಿ ಇನ್ನೊಂದು ಕಡೆ, ನಡುವೆ ರೈಲು, ಅಣಬೆ, ಉಪ್ಪಿನಕಾಯಿ, ಭೂಕಂಪ. ಕುರ್ಚಿಗಳನ್ನು ಮಾತ್ರ ತೆಗೆದಿದ್ದರು. ಒಳಗೆ ಅರ್ಧ ಗಂಟೆಗಿಂತ ಹೆಚ್ಚು ಇರುವ ಹಾಗಿಲ್ಲ.

ಅರ್ಧ ಗಂಟೆ ನನಗೆಲ್ಲಿ ಸಾಕು? ಹೊರಗೆ ಹೋಗಿ, ಮೆಷಿನ್ನಿನಲ್ಲಿ ಒಂದು ಕಾಫಿ ಕುಡಿದು, ಹೊಸಬಳಂತೆ ಮತ್ತೆ ಬರುತ್ತಿದ್ದೆ. ಬಾಗಿಲಲ್ಲಿ ಜ್ವರ ನೋಡುವ ಗನ್ನು ಹಿಡಿದು ನಿವೃತ್ತರೊಬ್ಬರು ಸ್ವಯಂಸೇವೆಗೆ ನಿಂತಿರುತ್ತಿದ್ದರು. ನಾನು ಎಷ್ಟು ಸಲ ಬಂದರೂ ಗುರುತೇ ಇಲ್ಲದವರಂತೆ ಬಾಗಿ ಸ್ವಾಗತಿಸಿ, ಹಣೆಗೆ ಗನ್ನು ಹಿಡಿದು, "ಮೂವತ್ತಾರೂವರೆ! ಬಹಳ ಚೆನ್ನಾಗಿದೆ!" ಎನ್ನುತ್ತಿದ್ದರು. ನನ್ನ ಹಣೆಯನ್ನು ಆ ವರ್ಷ ಅಷ್ಟು ಅಕ್ಕರೆಯಿಂದ ನೋಡಿದವರು ಬೇರೆ ಯಾರೂ ಇಲ್ಲ.

ಒಂದು ಮಧ್ಯಾಹ್ನ ಹೀಗೇ ಮತ್ತೆ ಮತ್ತೆ ಬಂದಾಗ ಅವರು ಗನ್ನು ಎತ್ತಲಿಲ್ಲ. ಅತ್ತಿತ್ತ ನೋಡಿ, ಎರಡೂ ಕೈಯಲ್ಲಿ ಅದನ್ನು ನನ್ನ ಮುಂದೆ ಹಿಡಿದರು.

"ತೊಂದರೆ ಇಲ್ಲದಿದ್ದರೆ... ನನ್ನದೂ ಒಮ್ಮೆ ನೋಡುತ್ತೀರಾ? ದಿನವಿಡೀ ಎಲ್ಲರ ಹಣೆ ನೋಡುತ್ತೇನೆ, ನನ್ನದನ್ನು ಯಾರೂ ನೋಡಿಲ್ಲ."

ನೋಡಿದೆ. "ಬಹಳ ಚೆನ್ನಾಗಿದೆ!" ಎಂದೆ. ಗನ್ನನ್ನು ನಾನು ತಿರುವುಮುರುವಾಗಿ ಹಿಡಿದಿದ್ದೆ ಎಂದು ಆ ಪುಣ್ಯಾತ್ಮರು ಹೇಳಲೇ ಇಲ್ಲ.

ಕನ್ನಡ ಕೇಳಿದ್ದು

ಒಂದು ದಿನ ಆಸೆ ತಡೆಯಲಾರದೆ ಕೌಂಟರಿನಲ್ಲಿದ್ದ ಗ್ರಂಥಪಾಲಕಿಯನ್ನು ಕೇಳಿಯೇಬಿಟ್ಟೆ: "ಕನ್ನಡ ಪುಸ್ತಕ ಇದೆಯೇ?"

"ಇದೆ ಇದೆ!" ಎಂದು ಆಕೆ ಕಣ್ಣರಳಿಸಿ ಒಳಗೆ ಓಡಿದರು. ಎಲ್ಲಿಯ ನೋಮಿ, ಎಲ್ಲಿಯ ಕನ್ನಡ! ಯಾರು ತಂದಿಟ್ಟರೋ, ಯಾವ ಪುಸ್ತಕವೋ!

ಆಕೆ ಗಾಡಿ ತಳ್ಳಿಕೊಂಡು ಬಂದರು. ಮೇಲೆ ಮಕ್ಕಳಿಗಾಗಿ ಕರಡಿಮರಿಯ ಚಿತ್ರದ ಪುಸ್ತಕ, ಅದರ ಕೆಳಗೆ ಯುವಕರಿಗಾಗಿ ಮಂಜಿನ ಮೇಲೆ ಜಾರುವ ಆಟ, ಗೃಹಿಣಿಯರಿಗಾಗಿ ಮೇಪಲ್ ಪಾಕದ ತಿಂಡಿಗಳು, ವೃದ್ಧರಿಗಾಗಿ ದಪ್ಪಕ್ಷರದಲ್ಲಿ ನಯಾಗರಾ. ಜಪಾನಿಯಲ್ಲಿ ಕೆನಡಾ ದೇಶಕ್ಕೆ "ಕನದಾ" ಎನ್ನುತ್ತಾರೆ.

"ದೇಶ ಅಲ್ಲ, ಭಾಷೆ. ನನ್ನ ಭಾಷೆ" ಎಂದೆ.

ಆಕೆ ಕಂಪ್ಯೂಟರಿನಲ್ಲಿ ಹುಡುಕಿದರು, ಕಪಾಟಿನಲ್ಲಿ ಹುಡುಕಿದರು, ಬೇರೆ ಊರಿಗೆ ಫೋನ್ ಮಾಡಿಯೂ ಹುಡುಕಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ನಾಯ್."

ನಾಯ್ ಅಂದರೆ ಇಲ್ಲ. ಅದು ಗೊತ್ತಾಗುವವರೆಗೆ ಯಾರು ಹಾಗೆಂದರೂ ನಾನು ಬಾಗಿಲ ಕಡೆ ತಿರುಗಿ, ಯಾವ ನಾಯಿ ಒಳಗೆ ಬಂತು ಎಂದು ನೋಡುತ್ತಿದ್ದೆ.

ಆಕೆಯ ಮುಖ ನೋಡಲಾಗದೆ ಗಾಡಿಯಲ್ಲಿದ್ದದ್ದನ್ನೆಲ್ಲ ಎರವಲು ತಂದೆ. ಆ ಚಳಿಗಾಲ ಚಿಕ್ಕಮ್ಮ ಫೋನಿನಲ್ಲಿ "ಏನೇ ಮಾಡ್ತಿದೀಯ?" ಎಂದಾಗ "ಕನದಾ ಓದ್ತಿದೀನಿ" ಎಂದೆ. "ಪರವಾಗಿಲ್ವೇ, ಕನ್ನಡ ಮರೆತಿಲ್ಲ ನೀನು. ಉಚ್ಚಾರ ಮಾತ್ರ ಕೆಟ್ಟಿದೆ" ಎಂದರು.

ಸಾಮಾ

ಒಬ್ಬಳಿಗೆಂದು ಅನ್ನ ಮಾಡಿದರೆ ಮೂರು ದಿನ ಅದನ್ನೇ ತಿನ್ನಬೇಕಾಗುತ್ತಿತ್ತು. ಒಬ್ಬರ ಅಡುಗೆಯ ಪುಸ್ತಕ ಬೇಕೆಂದು ಗ್ರಂಥಪಾಲಕಿಗೆ ಹೇಳಿದೆ. ಜಪಾನಿಯಲ್ಲಿ ಒಬ್ಬರೇ ಅನ್ನುವುದಕ್ಕೆ "ಹಿತೊರಿ". ಆಕೆ ನನ್ನನ್ನು ಒಂದು ಕಪಾಟಿನ ಮುಂದೆ ನಿಲ್ಲಿಸಿದರು. ಇಡೀ ಕಪಾಟು ಹಿತೊರಿ.

ಕೈ ಬಿಚ್ಚಿ ಒಂದೊಂದೇ ತೆಗೆದುಕೊಟ್ಟರು. "ಇದು ಒಬ್ಬರ ಅಡುಗೆ. ಇದು ಒಬ್ಬರೇ ಪ್ರವಾಸ ಹೋಗುವುದು. ಇದು ಒಬ್ಬರೇ ಡೇರೆ ಹಾಕುವುದು. ಇದು ಒಬ್ಬರೇ ವಯಸ್ಸಾಗುವುದು. ಮತ್ತೆ ಇದು..." ಎಂದು ಸ್ವಲ್ಪ ತಡೆದು, ಎರಡೂ ಕೈಯಲ್ಲಿ ಕೊಟ್ಟರು. "ಒಬ್ಬರೇ ಸಮಾಧಿ ಆರಿಸಿಕೊಳ್ಳುವುದು. ಚಿತ್ರಗಳು ಬಹಳ ಚೆನ್ನಾಗಿವೆ."

ಅಡುಗೆಯಿಂದ ಹೊರಟವಳು ಸಮಾಧಿ ಮುಟ್ಟುವಾಗ ನನ್ನ ಅರ್ಧ ಗಂಟೆಯೂ ಮುಗಿದಿತ್ತು.

ಆ ಪುಸ್ತಕಗಳ ಮೇಲೆಲ್ಲ ಬರೆದಿದ್ದ ಮಾತು "ಒಹಿತೊರಿಸಾಮಾ". ದೇವರಿಗೂ ಗಿರಾಕಿಗೂ ಹಚ್ಚುವ "ಸಾಮಾ"ವನ್ನು ಇಲ್ಲಿ ಒಂಟಿಯಾಗಿರುವವರಿಗೂ ಹಚ್ಚುತ್ತಾರೆ. ಒಂಟಿ ಮಹನೀಯರು! ಮೈಸೂರಿನಲ್ಲೂ ನನ್ನ ಹೆಸರಿಗೆ ಒಂದು ಮಾತು ಸೇರಿಸಿಯೇ ಕರೆಯುತ್ತಾರೆ. "ಪಾಪ, ವಸುಧಾ."

ಬರೆದವರಿಗೆಲ್ಲ ಸಾಕು

ಜಪಾನಿ ಅಕ್ಷರ ಕಲಿಯಲು ಚಿತ್ರಪುಸ್ತಕಗಳ ಮೂಲೆಗೆ ಹೋದೆ. ಅಲ್ಲಿ ಮಾತ್ರ ಒಂದು ಸ್ಟೂಲು ಮರೆತು ಬಿಟ್ಟಿದ್ದರು, ಮೂರು ವರ್ಷದವರ ಅಳತೆಯದು. ಅದರ ಮೇಲೆ ಮೊಣಕಾಲು ಕಿವಿಗೆ ತಾಗುವಂತೆ ಕೂತು ಅಕ್ಷರ ಕೂಡಿಸಿದೆ. ಪ್ರತಿ ಪುಸ್ತಕದ ಮೇಲೂ ಬರೆದವರ ಹೆಸರಿನ ಪಕ್ಕ ಎರಡಕ್ಷರ ಇರುತ್ತಿತ್ತು. ಸ. ಕು. ಹೊಸಬರು ಎಳೆದು ಓದುವಂತೆ ನಾನೂ ಎಳೆದೆ: "ಸಾ... ಕು."

ಇನ್ನೊಂದು ಪುಸ್ತಕ ತೆಗೆದೆ. ಇವರಿಗೂ ಸಾಕು. ಮತ್ತೊಂದು ತೆಗೆದೆ. ಇವರಿಗೂ ಸಾಕು! ಬರೆಯುವವರಿಗೆ ಮುಖಪುಟದಲ್ಲೇ ಸಾಕು ಎಂದು ಹೇಳಿಬಿಡುವ ಈ ಪದ್ಧತಿ ನಮ್ಮಲ್ಲೂ ಬಂದಿದ್ದರೆ ಎಷ್ಟು ಮರಗಳು ಉಳಿಯುತ್ತಿದ್ದವು!

ಪಕ್ಕದಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. "ಅದು ಕಥೆ ಕಟ್ಟಿದವರು ಅಂತ" ಎಂದು ತಿದ್ದಿದಳು.

"ನನ್ನ ಭಾಷೆಯಲ್ಲಿ ಹಾಗಲ್ಲ" ಎಂದು ನನ್ನ ಹರಕು ಜಪಾನಿಯಲ್ಲಿ ಹೇಳಿ, ಊಟಕ್ಕೆ ಕೂತು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ತೋರಿಸಿದೆ. "ಸಾಕು! ಹೊಟ್ಟೆ ತುಂಬಿತು! ಇನ್ನು ಬೇಡ!"

ಅವಳಿಗೆ ಹಿಡಿಸಲಾರದಷ್ಟು ನಗು. ಕಪಾಟಿನುದ್ದಕ್ಕೂ ಹೋಗಿ ಒಂದೊಂದು ಪುಸ್ತಕದ ಮೇಲೂ ಕೈ ಅಡ್ಡ ಹಿಡಿದು "ಸಾಕು! ಸಾಕು!" ಎಂದು ಲೇಖಕರನ್ನೆಲ್ಲ ಊಟದಿಂದ ಎಬ್ಬಿಸತೊಡಗಿದಳು. ಗಲಾಟೆ ಕೇಳಿ ಅವಳ ಅಜ್ಜಿ ಬಂದರು. ಹುಲ್ಲಿನ ಟೋಪಿ, ಮಾಸ್ಕು, ನಡುವೆ ಎರಡು ಕಣ್ಣು. ಎಲ್ಲೋ ನೋಡಿದ ಕಣ್ಣು.

ನಾನು ಬಾಕಿಯಿದ್ದ ಅರಿಗಾತೋ ಹೇಳಲೆಂದು ಎದ್ದು ಒಂದು ಹೆಜ್ಜೆ ಮುಂದಿಟ್ಟೆ. ಅಜ್ಜಿ ಎರಡು ಹೆಜ್ಜೆ ಹಿಂದಿಟ್ಟರು.

"ಗುರುತು ಸಿಕ್ಕಿತು, ಅಲ್ಲೇ ಇರಿ" ಎಂದರು. "ಇವತ್ತು ಓಡುವುದಕ್ಕೆ ಆಗುವುದಿಲ್ಲ, ಮೊಣಕಾಲು ನೋವು."

ಮೂಲಂಗಿಗೆ ಸ್ನಾನ

ಮುಂದಿನ ವಾರ ಅಜ್ಜಿ ನನಗೆಂದು ಒಂದು ಮೂಲಂಗಿ ತಂದರು. ಸೊಪ್ಪಿನ ಸಮೇತ, ಮೊಮ್ಮಗಳ ಕಾಲಿನಷ್ಟು ದಪ್ಪದ್ದು.

ಕೌಂಟರಿನ ಪಕ್ಕ ಒಂದು ಪೆಟ್ಟಿಗೆ ಇತ್ತು. ಗಾಜಿನ ಬಾಗಿಲು, ನೋಡಲು ಓವನ್ನಿನ ಹಾಗೆ. ಎರವಲು ಪುಸ್ತಕವನ್ನು ಅದರೊಳಗೆ ಬಿಚ್ಚಿ ನಿಲ್ಲಿಸಿದರೆ ನೀಲಿ ಬೆಳಕು ಹತ್ತಿ, ಗಾಳಿ ಬೀಸಿ, ಹಾಳೆ ಹಾಳೆಯ ಸೋಂಕೂ ಹೋಗುತ್ತದೆ. ಅಜ್ಜಿ ಯೋಚಿಸಿದರು. ಪರರಿಗೆ ಕೊಡುವ ವಸ್ತು, ಕಾಲವೂ ಕೆಟ್ಟದ್ದು, ಚೊಕ್ಕಟ ಮಾಡಿ ಕೊಡಬೇಕು. ಬಾಗಿಲು ತೆಗೆದು ಮೂಲಂಗಿಯನ್ನು ಒಳಗೆ ನಿಲ್ಲಿಸಿ ಗುಂಡಿ ಒತ್ತಿಯೇಬಿಟ್ಟರು.

"ಅನೋ..." ಎಂದರು ಗ್ರಂಥಪಾಲಕಿ. "ಅದು... ಏನೆಂದರೆ... ಪುಸ್ತಕಕ್ಕೆ..." ಇಲ್ಲಿ ಹಿರಿಯರಿಗೆ ಬೇಡ ಎನ್ನುವ ವಾಕ್ಯ ಮುಗಿಯುವುದೇ ಇಲ್ಲ. ಅಷ್ಟರಲ್ಲಿ ಗಾಳಿ ಬೀಸಿತು. ಮೂಲಂಗಿಯ ಸೊಪ್ಪು ಹಾಳೆ ತಿರುವಿದಂತೆ ಪಟಪಟ ಹಾರಿತು. ಹಿಂದೆ ಸಾಲಿನಲ್ಲಿದ್ದವರು ನೆಲದ ಹೆಜ್ಜೆಗುರುತಿನ ಮೇಲೆ ನಿಂತು, ತಮ್ಮ ತಮ್ಮ ಪುಸ್ತಕ ಎದೆಗವಚಿಕೊಂಡು, ಮೂಲಂಗಿಯ ಸ್ನಾನ ಮುಗಿಯಲೆಂದು ಕಾದರು.

ಬೆಳಕು ಆರಿತು. ಗ್ರಂಥಪಾಲಕಿ ಅಭ್ಯಾಸಬಲದಿಂದ ಮೂಲಂಗಿಯನ್ನು ಹೊರತೆಗೆದು, ಎರಡೂ ಕೈಯಲ್ಲಿ ನನಗೆ ಕೊಟ್ಟು, ಬಾಗಿ ಹೇಳಿದರು:

"ಎರಡು ವಾರದೊಳಗೆ ಹಿಂತಿರುಗಿಸಿ."

ಡಬ್ಬಿಯ ಓಡಾಟ

ಅದು ಬಾಯಿತಪ್ಪಿ ಬಂದ ಮಾತಾದರೂ ಸುಳ್ಳಲ್ಲ. ಇಲ್ಲಿ ಏನಾದರೂ ಪಡೆದರೆ ಪ್ರತಿಯಾಗಿ ಏನಾದರೂ ಕೊಡಲೇಬೇಕು. ಅದಕ್ಕೆ "ಒಕಾಎಶಿ" ಎಂದು ಹೆಸರು. ನಾನು ಆ ಮೂಲಂಗಿಯದೇ ಹುಳಿ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, ಕೌಂಟರಿನಲ್ಲಿ ಕೊಟ್ಟು ಬಂದೆ.

ವಾರ ಕಳೆದು ಸಿಕ್ಕ ಅಜ್ಜಿ ಗಂಭೀರವಾಗಿ ಹೇಳಿದರು: "ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ತೆಗೆದುಕೊಳ್ಳುತ್ತಿದ್ದೇನೆ. ಮೂಗಿನಲ್ಲಿ ನೀರು ಬರುತ್ತದೆ. ಮೊಣಕಾಲು ನೋವು ಸ್ವಲ್ಪ ಕಡಿಮೆ."

ಡಬ್ಬಿ ವಾಪಸ್ ಬಂತು, ಆದರೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತುಂಬಿಕೊಂಡು. ಈಗ ಖಾಲಿ ಡಬ್ಬಿ ಹಿಂದಕ್ಕೆ ಕೊಡುವುದುಂಟೇ? ಮೈಸೂರಿನಲ್ಲಿ ಬೆಳೆದವಳು ನಾನು. ಚಿತ್ರಾನ್ನ ತುಂಬಿ ಕೊಟ್ಟೆ. ಅದಕ್ಕೆ ಒಕಾಎಶಿಯಾಗಿ ಕೆಂಪು ಕಾಳಿನ ಸಿಹಿಯುಂಡೆ ಬಂತು. ಅದಕ್ಕೆ ನಾನು ಕೋಡುಬಳೆ ಕಳಿಸಿದೆ. ಅವರ ಸಂಪ್ರದಾಯವೂ ನಮ್ಮ ಸಂಪ್ರದಾಯವೂ ಕೈ ಕೈ ಹಿಡಿದುಕೊಂಡ ಮೇಲೆ ಡಬ್ಬಿಗೆ ಬಿಡುವೇ ಇಲ್ಲದಾಯಿತು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ವಾರಕ್ಕೊಮ್ಮೆ ಯಾರೋ ನನ್ನ ದಾರಿ ಕಾಯುತ್ತಿದ್ದರಲ್ಲ, ಅದು ಡಬ್ಬಿಗಾಗಿಯಾದರೂ ಸರಿಯೇ.

ಕೊನೆಗೆ ಅಜ್ಜಿಯೇ ರಾಜಿ ಸೂಚಿಸಿದರು. "ಇಲ್ಲಿನ ಮಕ್ಕಳ ಕಥೆಯ ಕೂಟ ಮತ್ತೆ ಶುರುವಾದಾಗ ಈ ಹುಡುಗಿಗೆ ನಿನ್ನ ಭಾಷೆಯಲ್ಲಿ ಒಂದು ಕಥೆ ಹೇಳು. ಆವತ್ತು ಡಬ್ಬಿ ಖಾಲಿ ಕೊಡುತ್ತೇನೆ. ಲೆಕ್ಕ ಚುಕ್ತಾ."

ಒಪ್ಪಿದೆ. ಆದರೆ ಕೂಟದ ಕೋಣೆಯ ಬಾಗಿಲಿಗೆ "ಸದ್ಯಕ್ಕೆ ಇಲ್ಲ" ಎಂಬ ಚೀಟಿ ಅಂಟಿದ್ದು ಅಂಟಿದ ಹಾಗೇ ಇತ್ತು. ಹುಡುಗಿಯ ಮುಂದಿನ ಹಲ್ಲು ಬಿತ್ತು, ಹೊಸದು ಬಂತು. ಚೀಟಿ ಬಿಸಿಲಿಗೆ ಬಿಳಿಚಿಕೊಂಡಿತು. ನನ್ನ ಕೆಲಸದ ಕರಾರೂ ಮುಗಿಯಿತು, ವಿಮಾನಗಳು ಹಾರತೊಡಗಿದವು, ಟಿಕೆಟ್ ಕೈಗೆ ಬಂತು. ಡಬ್ಬಿ ಅಜ್ಜಿಯ ಹತ್ತಿರ, ಋಣ ನನ್ನ ಹತ್ತಿರ. ಹೀಗೇ ಹೊರಟುಬಿಡುವುದೇ? ಹಿಂದೆಲ್ಲ ಹಾಗೆ ಹೊರಟವಳೇ. ಈ ಸಲ ಸೂಟ್‌ಕೇಸು ತೆರೆದಿಟ್ಟು ಅದರ ಮುಂದೆ ಸುಮ್ಮನೆ ಕೂತಿರುತ್ತಿದ್ದೆ.

ಹೊರಡುವ ವಾರ ಗ್ರಂಥಪಾಲಕಿಯ ಫೋನ್ ಬಂತು. "ವಸುದಾ ಸಾನ್! ಚೀಟಿ ತೆಗೆದಿದ್ದೇವೆ! ಶನಿವಾರ ಬನ್ನಿ! ಅರ್ಧ ಗಂಟೆ ಮಾತ್ರ!"

ಮನಸ್ಸಿನೊಳಗೇ ನಗಿ

ಕೋಣೆಯ ಹೊರಗೆ ಬಣ್ಣದ ಫಲಕ. ಅಕ್ಷರ ಕೂಡಿಸಿ ಓದಿದೆ: "ಕನದಾ ಭಾಷೆಯ ಕಥೆ." ಅದರ ಕೆಳಗೆ, ಕಥೆ ಕಟ್ಟಿದವರ ಹೆಸರು: "ವಸುದಾ ಸಾಕು." ಒಪ್ಪಬೇಕಾದ ಮಾತೇ.

ಒಳಗೆ ದೂರದೂರ ಹಾಕಿದ ಕುರ್ಚಿಗಳು, ಮಾಸ್ಕು ಹಾಕಿದ ಮಕ್ಕಳು. ಫಲಕ ನಂಬಿ ಬಂದ ಒಬ್ಬ ಹುಡುಗ ಕರಡಿಕಿವಿಯ ಟೋಪಿ ಹಾಕಿದ್ದ. ಮುಂದಿನ ಸಾಲಿನಲ್ಲಿ ಅಜ್ಜಿ, ಮೊಮ್ಮಗಳು, ಅಜ್ಜಿಯ ಮಡಿಲಲ್ಲಿ ನನ್ನ ಡಬ್ಬಿ. ಗ್ರಂಥಪಾಲಕಿ ಒಂದು ಹಲಗೆ ಎತ್ತಿ ಎಲ್ಲರಿಗೂ ತೋರಿಸಿದರು. ಹನಿ ಹಾರಬಾರದೆಂದು ಬರೆದದ್ದು: "ದಯವಿಟ್ಟು ಮನಸ್ಸಿನೊಳಗೇ ನಗಿ."

ನಾನು ರಟ್ಟಿನ ಮೇಲೆ ಚಿತ್ರ ಬರೆದು ತಂದಿದ್ದೆ. ಇಲ್ಲಿ ಹಾಗೆ ಒಂದೊಂದೇ ಚಿತ್ರ ಎಳೆಯುತ್ತಾ ಕಥೆ ಹೇಳುವ ಪದ್ಧತಿಯಿದೆ. ನಾನು ಕನ್ನಡದಲ್ಲಿ ಒಂದು ಸಾಲು ಹೇಳುವುದು, ಗ್ರಂಥಪಾಲಕಿ ಮೊದಲೇ ಬರೆದುಕೊಂಡ ಜಪಾನಿ ಸಾಲು ಓದುವುದು.

"ಒಂದೂರಲ್ಲಿ ಒಂದು ಮೂಲಂಗಿ ಇತ್ತು" ಎಂದೆ. ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಕನ್ನಡ ಆಡಿ ಎಷ್ಟು ಕಾಲವಾಗಿತ್ತೋ! ಕೆಮ್ಮಿದೆ. ಎಲ್ಲರೂ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದರು.

ಆ ಮೂಲಂಗಿಗೆ ಮಣ್ಣಿನೊಳಗೆ ಒಂಟಿಯಾಗಿದ್ದು ಬೇಸರ ಬಂತು. ಓದು ಕಲಿಯಲು ಗ್ರಂಥಾಲಯಕ್ಕೆ ಹೊರಟಿತು. ಬಾಗಿಲಲ್ಲಿ ಹಣೆ ನೋಡಿದರು, ಪೆಟ್ಟಿಗೆಯಲ್ಲಿ ಸ್ನಾನ ಮಾಡಿಸಿದರು, ಕೊನೆಗೆ ಕಪಾಟಿನಲ್ಲಿ ಎರಡು ಪುಸ್ತಕಗಳ ನಡುವೆ ನಿಲ್ಲಿಸಿದರು. ಮಕ್ಕಳ ಹೆಗಲು ಕುಲುಕತೊಡಗಿತು. ಸದ್ದಿಲ್ಲ. ಬಾಗಿಲ ಹತ್ತಿರ ಜ್ವರ ನೋಡುವವರು ಗನ್ನನ್ನು ಹೊಟ್ಟೆಗೊತ್ತಿಕೊಂಡು ಕುಲುಕುತ್ತಿದ್ದರು. ಅಜ್ಜಿಯ ಟೋಪಿ ನಡುಗುತ್ತಿತ್ತು. ಇಡೀ ಕೋಣೆ ಭೂಕಂಪವಾದಂತೆ ಮೌನವಾಗಿ ಅಲುಗುತ್ತಿತ್ತು.

ಕಥೆ ಮುಗಿಯಿತು. ಅಜ್ಜಿ ಎದ್ದು ಬಂದು, ಕೈ ಚಾಚಿ ದೂರದಿಂದಲೇ ಡಬ್ಬಿ ಕೊಟ್ಟರು. ಹಗುರವಾಗಿತ್ತು. ಖಾಲಿ. ಕೈಯಲ್ಲಿ ಹಿಡಿದಾಗ ಏಕೋ ಒಳಗೂ ಖಾಲಿಯೆನಿಸಿತು. ಅದನ್ನು ಮುಚ್ಚಿಕೊಳ್ಳಲು ಹುಡುಗಿಯ ಕಡೆ ತಿರುಗಿ ಕನ್ನಡದಲ್ಲೇ ಕೇಳಿದೆ: "ಸಾಕಾ?"

ಅವಳಿಗೆ ಆ ಮಾತು ಗೊತ್ತಿತ್ತಲ್ಲ. ಕುರ್ಚಿಯ ಮೇಲೆ ಎದ್ದು ನಿಂತು, ನನ್ನ ಕನ್ನಡದ "ಸಾಕು"ವಿಗೆ ತನ್ನ ಜಪಾನಿಯ "ಇಲ್ಲ"ವನ್ನು ಜೋಡಿಸಿ, ಹಲಗೆ ಗಿಲಗೆ ಲೆಕ್ಕಿಸದೆ ಕಿರುಚಿದಳು:

"ಸಾಕು ನಾಯ್!"

ನನಗೆ ನಗು ಒತ್ತಿಕೊಂಡು ಬಂತು. ಮನಸ್ಸಿನೊಳಗೆ ಹಿಡಿಸುವಂಥದ್ದಲ್ಲ ಅದು. ಬೀದಿಯೂ ಇಲ್ಲದ ಬೀದಿನಾಯಿ ಎನ್ನಿಸಿಕೊಂಡವಳನ್ನು, ಊರು ಬಿಡುವ ವಾರ, ತುಂಬಿದ ಸಭೆಯಲ್ಲಿ ಒಬ್ಬಳು ಸಾಕುನಾಯಿ ಎಂದು ಕರೆದಿದ್ದಳು! ಕಣ್ಣಲ್ಲಿ ನೀರು ಬರುವಂತೆ ಗಹಗಹಿಸಿ ನಕ್ಕೆ. ಗ್ರಂಥಪಾಲಕಿ ಗಾಬರಿಯಿಂದ ಹಲಗೆಯನ್ನು ನನ್ನ ಮುಖದ ಮುಂದೆ ಹಿಡಿದರು.

ಅಜ್ಜಿ ಮಾತ್ರ ಚಾಚಿದ ಕೈಯಿಂದಲೇ ಡಬ್ಬಿಯನ್ನು ಕಿತ್ತುಕೊಂಡು, ಹೋಗಿ ಕೂತು, ಮತ್ತೆ ಮಡಿಲಲ್ಲಿಟ್ಟುಕೊಂಡರು. "ಕೇಳಿಸಿತಲ್ಲ? ಲೆಕ್ಕ ಇನ್ನೂ ಇದೆ."

ಸಾಕಿದವರು ಹೇಳಿದ ಮೇಲೆ ಕೇಳಬೇಕಲ್ಲ. ಮೊದಲ ಚಿತ್ರವನ್ನು ಮತ್ತೆ ಮುಂದಿಟ್ಟು, ಗಂಟಲು ಸರಿಮಾಡಿಕೊಂಡು, ಋಣ ತೀರಿಸಲು ಶುರುಮಾಡಿದೆ. "ಒಂದೂರಲ್ಲಿ ಒಂದು ಮೂಲಂಗಿ ಇತ್ತು..."